ಊರಿನ ತಂಡ ಪಾಪರ್ ಆದಾಗ

(ಓದುಗರ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



2010ರ ಜೂನ್ 18ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಇಂಗ್ಲೆಂಡ್ ಮತ್ತು ಅಲ್ಜೀರಿಯ ವಿಶ್ವಕಪ್ ಪಂದ್ಯವೊಂದನ್ನು ಆಡಿದವು. ನಮ್ಮ ಗಡಿಯಾರದಲ್ಲಿ ಆಗ ನಡುರಾತ್ರಿ. ಒಂದೂ ಗೋಲಿಲ್ಲದೆ ಮುಗಿದ, ನೋಡಿದವರಿಗೆ ಆಕಳಿಕೆ ತರಿಸಿದ ಪಂದ್ಯ ಅದು. ಆದರೂ ಇಂದಿನ ಮಾತನ್ನು ಅಲ್ಲಿಂದಲೇ ಆರಂಭಿಸಲು ಕಾರಣವಿದೆ. ಇಂಗ್ಲೆಂಡಿನ ಗೋಲು ಕಾಯುತ್ತಿದ್ದವರು ಡೇವಿಡ್ ಜೇಮ್ಸ್. ವಯಸ್ಸು 39, ವಿಶ್ವಕಪ್ಪಿನಲ್ಲಿ ಅವರಿಗೆ ಅದು ಮೊದಲ ಪಂದ್ಯ. ಎದುರಿನ ಅಲ್ಜೀರಿಯದ ಪರ ನಾದಿರ್ ಬೆಲ್‌ಹಾಜ್ ಮತ್ತು ಹಸನ್ ಯೆಬ್ದಾ ಆಡುತ್ತಿದ್ದರು. ಆ ಋತುವಿನಲ್ಲಿ ಈ ಮೂವರೂ ತೊಟ್ಟಿದ್ದುದು ಒಂದೇ ಅಂಗಿ, ಇಂಗ್ಲೆಂಡಿನ ಪೋರ್ಟ್ಸ್‌ಮತ್ ಕ್ಲಬ್ಬಿನ ಅಂಗಿ. ಜಗತ್ತೇ ಕಣ್ಣು ನೆಟ್ಟು ನೋಡುತ್ತಿದ್ದ ಆ ರಾತ್ರಿ, ಅವರನ್ನು ಅಲ್ಲಿಯವರೆಗೆ ಸಾಕಿದ ಕ್ಲಬ್ಬು ದಿವಾಳಿಯ ಅಂಚಿನಲ್ಲಿತ್ತು. ಅದರ ಲೆಕ್ಕಪತ್ರಗಳು ಕಾನೂನಿನ ಪ್ರಕಾರ ನೇಮಕವಾದ ಆಡಳಿತಾಧಿಕಾರಿಯ ಕೈಯಲ್ಲಿದ್ದವು.

ಆಗ ನಾನು ಶಾಲೆಯ ಹುಡುಗ. ದೇಶದ ತಂಡವೊಂದಿದೆ, ಅದಕ್ಕಾಗಿ ಕೂಗಬೇಕು ಎನ್ನುವುದಷ್ಟೇ ಗೊತ್ತಿದ್ದ ವಯಸ್ಸು. ನಮ್ಮಲ್ಲಿ ಬಹಳ ಮಂದಿಗೆ ಫುಟ್‌ಬಾಲ್ ಎಂದರೆ ಇಂದಿಗೂ ಅಷ್ಟೇ. ನಾಲ್ಕು ವರ್ಷಕ್ಕೊಮ್ಮೆ ಬರುವ ಜಾತ್ರೆ. ಬೆಂಗಳೂರಿನ ಗೌತಮಪುರ, ಆಸ್ಟಿನ್ ಟೌನ್ ಕಡೆ ಹೋದರೆ ಮಾತು ಬೇರೆ. ಅಲ್ಲಿ ವಿಶ್ವಕಪ್ ಬಂತೆಂದರೆ ಬ್ರೆಜಿಲ್, ಅರ್ಜೆಂಟೀನ ಬಾವುಟಗಳು ಮನೆಯಿಂದ ಮನೆಗೆ ಏರುತ್ತವೆ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಸಾವಿರಾರು ಮೈಲಿ ದೂರದ ದೇಶವನ್ನು ಹೀಗೆ ಹಚ್ಚಿಕೊಳ್ಳುವುದರಲ್ಲಿ ಒಂದು ನೆಮ್ಮದಿಯಿದೆ. ಬ್ರೆಜಿಲ್ ಸೋಲಬಹುದು, ಆದರೆ ಇಲ್ಲವಾಗುವುದಿಲ್ಲ. ಒಕ್ಕೂಟಕ್ಕೆ ಸಾಲವಾಗಬಹುದು, ಫಿಫಾ ಸಿಟ್ಟಾಗಬಹುದು. 2022ರ ಆಗಸ್ಟಿನಲ್ಲಿ ಭಾರತದ ಒಕ್ಕೂಟವನ್ನೇ ಅದು ಹತ್ತು ಹನ್ನೊಂದು ದಿನ ಅಮಾನತಿನಲ್ಲಿಟ್ಟಿತ್ತು. ಹಾಗೆಂದು ಸಾಲಕ್ಕಾಗಿ ದೇಶದ ತಂಡವನ್ನು ಹರಾಜು ಹಾಕಿದವರನ್ನು ಯಾರೂ ಕಂಡಿಲ್ಲ.

ಕ್ಲಬ್ಬಿನ ಅಭಿಮಾನಿಗೆ ಆ ನೆಮ್ಮದಿ ಇಲ್ಲ. ಅವನು ದೇವಸ್ಥಾನವೆಂದು ನಡೆದುಕೊಳ್ಳುವ ಜಾಗ ಕಾನೂನಿನ ಕಣ್ಣಿಗೆ ಒಂದು ಲಿಮಿಟೆಡ್ ಕಂಪನಿ.

ಪೋರ್ಟ್ಸ್‌ಮತ್ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಊರು. ನೌಕಾಪಡೆಯ ನೆಲೆ, ಹಡಗುಕಟ್ಟೆ. ಕಾದಂಬರಿಕಾರ ಡಿಕನ್ಸ್ ಹುಟ್ಟಿದ್ದು ಅಲ್ಲಿಯೇ. ಷೆರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಅಲ್ಲಿ ವೈದ್ಯನಾಗಿದ್ದಾಗ ಊರಿನ ಹವ್ಯಾಸಿ ತಂಡಕ್ಕೆ ಗೋಲ್‌ಕೀಪರ್ ಆಗಿದ್ದ, ಅದೂ ಬೇರೊಂದು ಹೆಸರಿನಲ್ಲಿ. ಆ ತಂಡ ಮುಚ್ಚಿಹೋಯಿತು. ಈಗಿನ ಕ್ಲಬ್ಬು ಹುಟ್ಟಿದ್ದು 1898ರಲ್ಲಿ. 1939ರಲ್ಲಿ ಎಫ್.ಎ. ಕಪ್ ಗೆದ್ದಿತು. ಕೂಡಲೇ ಮಹಾಯುದ್ಧ ಬಂದು ಪಂದ್ಯಾವಳಿ ನಿಂತದ್ದರಿಂದ ಏಳು ವರ್ಷ ಕಪ್ಪು ಅವರ ಬಳಿಯೇ ಉಳಿಯಿತು. ಇಷ್ಟು ದೀರ್ಘ ಕಾಲ ಅದನ್ನು ಇಟ್ಟುಕೊಂಡವರು ನಾವೇ ಎಂದು ಆ ಊರಿನವರು ಇಂದಿಗೂ ತಮಾಷೆ ಮಾಡುತ್ತಾರೆ. 1949 ಮತ್ತು 1950ರಲ್ಲಿ ಲೀಗ್ ಚಾಂಪಿಯನ್ ಆಯಿತು. ಪುರಭವನದ ಗಡಿಯಾರದ ಗಂಟೆಯ ನಾದವನ್ನೇ ಅನುಸರಿಸಿ ಫ್ರಾಟನ್ ಪಾರ್ಕ್ ಮೈದಾನದಲ್ಲಿ ಜನ ಒಕ್ಕೊರಲಿನಿಂದ ಕೂಗುತ್ತಾರೆ. ಅಜ್ಜನಿಂದ ಮೊಮ್ಮಗನಿಗೆ ಬಂದ ಕೂಗು ಅದು.

ಇಂಥ ಊರಿಗೆ 2006ರಲ್ಲಿ ಅಲೆಕ್ಸಾಂಡರ್ ಗೈದಮಾಕ್ ಎಂಬ ಶ್ರೀಮಂತ ಮಾಲೀಕನಾಗಿ ಬಂದ. ದೊಡ್ಡ ಸಂಬಳದ ಆಟಗಾರರು ಬಂದರು. 2008ರ ಮೇ ತಿಂಗಳಲ್ಲಿ ವೆಂಬ್ಲಿಯಲ್ಲಿ ನೈಜೀರಿಯದ ಕಾನು ಹೊಡೆದ ಒಂದೇ ಗೋಲಿನಿಂದ ಕಾರ್ಡಿಫ್ ತಂಡವನ್ನು ಸೋಲಿಸಿ, 69 ವರ್ಷಗಳ ಮೇಲೆ ಮತ್ತೆ ಕಪ್ಪನ್ನು ಎತ್ತಿದರು. ಊರಿಗೆ ಊರೇ ಬೀದಿಗಿಳಿಯಿತು. ಸುಮಾರು 20 ಸಾವಿರ ಜನ ಹಿಡಿಸುವ ಹಳೆಯ ಮೈದಾನದ ಟಿಕೆಟ್ ಹಣದಿಂದ ಆ ಮಟ್ಟದ ಸಂಬಳ ಹುಟ್ಟುವುದಿಲ್ಲ ಎಂದು ಲೆಕ್ಕ ಬಲ್ಲ ಯಾರಾದರೂ ಹೇಳಬಹುದಿತ್ತು. ಆದರೆ ಸಾಲದ ತುಪ್ಪ ಬಾಯಲ್ಲಿರುವಾಗ ರುಚಿಯಾಗಿಯೇ ಇರುತ್ತದೆ. ಗೆದ್ದ ದಿನ ಯಾವ ಅಭಿಮಾನಿಯೂ ಆಯವ್ಯಯ ಪತ್ರಿಕೆ ಕೇಳುವುದಿಲ್ಲ. ಕೇಳಬೇಕಿತ್ತು ಎಂದು ಅವರನ್ನು ದೂರುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಮಾಲೀಕನ ಕೈ ಬಿಗಿಯಾಯಿತು. 2009-10ರ ಒಂದೇ ಋತುವಿನಲ್ಲಿ ಕ್ಲಬ್ಬಿಗೆ ನಾಲ್ಕು ಮಂದಿ ಮಾಲೀಕರಾದರು. ಗೈದಮಾಕ್ ಆದ ಮೇಲೆ ಸುಲೈಮಾನ್ ಅಲ್ ಫಹೀಂ, ಅವರಿಂದ ಕೆಲವೇ ವಾರಗಳಲ್ಲಿ ಅಲಿ ಅಲ್ ಫರಾಜ್, ಕೊನೆಗೆ ಸಾಲ ಕೊಟ್ಟಿದ್ದ ಹಾಂಗ್‌ಕಾಂಗಿನ ಬಲರಾಂ ಚೈನ್‌ರಾಯ್. ಆಟಗಾರರ ಸಂಬಳ ಮತ್ತೆ ಮತ್ತೆ ತಡವಾಯಿತು. ತೆರಿಗೆ ಇಲಾಖೆ ನ್ಯಾಯಾಲಯಕ್ಕೆ ಹೋಯಿತು. 2010ರ ಫೆಬ್ರವರಿ 26ರಂದು ಕ್ಲಬ್ಬು ಆಡಳಿತಾಧಿಕಾರಿಯ ವಶವಾಯಿತು. ಪ್ರೀಮಿಯರ್ ಲೀಗಿನಲ್ಲಿ ಇರುವಾಗಲೇ ಈ ಸ್ಥಿತಿಗೆ ಬಂದ ಮೊದಲ ಕ್ಲಬ್ಬು ಇದು. ಶಿಕ್ಷೆಯಾಗಿ ಒಂಬತ್ತು ಅಂಕಗಳನ್ನು ಕಿತ್ತುಕೊಂಡರು. ಶಿಕ್ಷೆ ಯಾರಿಗೆ ಎಂಬುದನ್ನು ಗಮನಿಸಬೇಕು. ಸಾಲ ಮಾಡಿದವರು ಹೊರಟುಹೋಗಿದ್ದರು. ಅಂಕ ಕಳೆದುಕೊಂಡವರು ಮೈದಾನದಲ್ಲಿ ಇದ್ದವರು ಮತ್ತು ಅದರ ಸುತ್ತ ಕುಳಿತಿದ್ದವರು.

ಈಗ ಸಾಲಪಟ್ಟಿಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಆಡಳಿತಾಧಿಕಾರಿ ಹೊರಗಿಟ್ಟ ವರದಿಯಲ್ಲಿ ಸಾಲ ಸುಮಾರು 12 ಕೋಟಿ ಪೌಂಡ್ ಇತ್ತು. ಬಾಕಿ ಬರಬೇಕಾದವರಲ್ಲಿ ಬೇರೆ ಕ್ಲಬ್ಬುಗಳು, ಆಟಗಾರರು, ದಲ್ಲಾಳಿಗಳು, ತೆರಿಗೆ ಇಲಾಖೆ, ಹಳೆಯ ಮಾಲೀಕರು ಎಲ್ಲ ಇದ್ದರು. ಅವರ ನಡುವೆ ಸೇಂಟ್ ಜಾನ್ ಆಂಬುಲೆನ್ಸ್ ಎಂಬ ಹೆಸರೂ ಇತ್ತು. ಪಂದ್ಯದ ದಿನ ಮೈದಾನದ ಅಂಚಿನಲ್ಲಿ ನಿಂತು, ಮೂರ್ಛೆ ಹೋದವರಿಗೆ, ಎದೆನೋವು ಬಂದವರಿಗೆ ಪ್ರಥಮ ಚಿಕಿತ್ಸೆ ಕೊಡುವ ಸ್ವಯಂಸೇವಾ ಸಂಸ್ಥೆ ಅದು. ಅದಕ್ಕೆ ಬರಬೇಕಾಗಿದ್ದುದು 2,702 ಪೌಂಡ್. ಆ ಕಾಲದ ದೊಡ್ಡ ಆಟಗಾರನೊಬ್ಬನ ಒಂದು ದಿನದ ಸಂಬಳಕ್ಕೂ ಸಾಲದ ಮೊತ್ತ.

ಇಲ್ಲಿ ಇಂಗ್ಲಿಷ್ ಫುಟ್‌ಬಾಲಿನ ವಿಚಿತ್ರ ನಿಯಮವೊಂದು ಎದುರಾಗುತ್ತದೆ. ಸಾಮಾನ್ಯ ಕಂಪನಿ ದಿವಾಳಿಯಾದರೆ, ಒತ್ತೆ ಹಿಡಿದವರ ಪಾಲು ಮತ್ತು ಕಾನೂನು ಮೊದಲು ಕೊಡಿ ಎಂದು ಹೇಳಿದ ಬಾಕಿ ತೀರಿದ ಮೇಲೆ, ಉಳಿದದ್ದನ್ನು ಮಿಕ್ಕವರೆಲ್ಲ ಸರಿಸಮಾನವಾಗಿ ಹಂಚಿಕೊಳ್ಳಬೇಕು. ಫುಟ್‌ಬಾಲ್ ಲೀಗಿನ ನಿಯಮ ಹಾಗಲ್ಲ. ಕ್ಲಬ್ಬು ಲೀಗಿನಲ್ಲಿ ಮುಂದುವರಿಯಬೇಕಾದರೆ ಫುಟ್‌ಬಾಲಿಗೆ ಸಂಬಂಧಿಸಿದ ಬಾಕಿಯನ್ನು, ಎಂದರೆ ಇತರ ಕ್ಲಬ್ಬುಗಳಿಗೆ ಕೊಡಬೇಕಾದ ವರ್ಗಾವಣೆ ಹಣ, ಆಟಗಾರರ ಸಂಬಳ ಇವುಗಳನ್ನು, ಪೂರ್ತಿ ತೀರಿಸಲೇಬೇಕು. ಆಗ ಉಳಿದವರಿಗೆ ಏನಾದರೂ ಮಿಕ್ಕರೆ ಸಿಗುತ್ತಿತ್ತು. ಪೋರ್ಟ್ಸ್‌ಮತ್ ಪ್ರಕರಣದಲ್ಲಿ ಉಳಿದವರ ಜೊತೆ ಆದ ಒಪ್ಪಂದ ಪೌಂಡಿಗೆ 20 ಪೆನ್ಸ್, ಅದೂ ಕಂತಿನಲ್ಲಿ. ನಮ್ಮ ಲೆಕ್ಕದಲ್ಲಿ ರೂಪಾಯಿಗೆ ನಾಲ್ಕಾಣೆಯೂ ಇಲ್ಲ. ಆಟಗಾರನಿಗೆ ಪೂರ್ತಿ, ಆಂಬುಲೆನ್ಸಿನವರಿಗೆ ಐದರಲ್ಲೊಂದು ಪಾಲು.

ತೆರಿಗೆ ಇಲಾಖೆ ಸುಮ್ಮನಿರಲಿಲ್ಲ. ಈ ಒಪ್ಪಂದದ ವಿರುದ್ಧ 2010ರ ಆಗಸ್ಟಿನಲ್ಲಿ ನ್ಯಾಯಾಲಯದಲ್ಲಿ ವಾದಿಸಿ ಸೋತಿತು. 2012ರಲ್ಲಿ ನಿಯಮವನ್ನೇ ಪ್ರಶ್ನಿಸಿ ಮತ್ತೆ ಸೋತಿತು. ಲೀಗಿನವರ ಸಮರ್ಥನೆ ಏನೆಂದರೆ, ಒಂದು ಕ್ಲಬ್ಬು ಇನ್ನೊಂದಕ್ಕೆ ಟೋಪಿ ಹಾಕಿ ಅದೇ ಪಂದ್ಯಾವಳಿಯಲ್ಲಿ ಎದುರಾಳಿಯಾಗಿ ನಿಲ್ಲುವುದು ಸಲ್ಲದು. ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಆಂಬುಲೆನ್ಸಿನವರು ಯಾರ ಎದುರಾಳಿ?

ಗಮನಿಸಿ, ಈ ಪಟ್ಟಿಯಲ್ಲಿ ಇಲ್ಲದ ಹೆಸರು ಅಭಿಮಾನಿಯದು. ಇಡೀ ಋತುವಿನ ಟಿಕೆಟ್ಟಿಗೆ ಮುಂಗಡ ಕೊಟ್ಟಿದ್ದರೆ ಆ ಮಟ್ಟಿಗೆ ಅವನು ಗಿರಾಕಿ, ಅಷ್ಟೇ. ನಲವತ್ತು ವರ್ಷ ಮಳೆಯಲ್ಲಿ ನಿಂತದ್ದಕ್ಕೆ ಲೆಕ್ಕಪತ್ರದಲ್ಲಿ ಕಾಲಂ ಇಲ್ಲ. ಕಿರಾಣಿ ಅಂಗಡಿ ಮುಚ್ಚಿದರೆ ಪಕ್ಕದ ಅಂಗಡಿಗೆ ಹೋಗುತ್ತೇವೆ. ಪೋರ್ಟ್ಸ್‌ಮತ್ ಮುಚ್ಚಿದರೆ ಅಲ್ಲಿನವನು ಇಪ್ಪತ್ತು ಮೈಲಿ ಆಚೆಯ ಬದ್ಧವೈರಿ ಸೌತಾಂಪ್ಟನ್ ತಂಡದ ಟಿಕೆಟ್ ಕೊಳ್ಳುತ್ತಾನೆಯೇ? ಅವನೆದುರು ಹಾಗೆ ಕೇಳಿ ನೋಡುವ ಧೈರ್ಯ ನನಗಿಲ್ಲ.

ಈ ಅವಾಂತರದ ನಡುವೆಯೇ ತಂಡ ಆಡುತ್ತಿತ್ತು. 80ಕ್ಕೂ ಹೆಚ್ಚು ನೌಕರರು ಕೆಲಸ ಕಳೆದುಕೊಂಡ ಆ ವಸಂತದಲ್ಲಿ ಅದು ಟಾಟನ್‌ಹ್ಯಾಮ್ ತಂಡವನ್ನು ಸೋಲಿಸಿ ಮತ್ತೊಮ್ಮೆ ಎಫ್.ಎ. ಕಪ್ ಫೈನಲ್ ತಲುಪಿತು. ಮೇ 15ರಂದು ಚೆಲ್ಸಿಯ ಎದುರು ಒಂದು ಗೋಲಿನಿಂದ ಸೋತಿತು. ಪೋರ್ಟ್ಸ್‌ಮತ್‌ನ ಕೆವಿನ್ ಪ್ರಿನ್ಸ್ ಬೋಟೆಂಗ್ ಆ ದಿನ ಪೆನಾಲ್ಟಿಯನ್ನು ಗೋಲಾಗಿಸಲಾರದೆ ಹೋದ. ಅದಕ್ಕಿಂತ ದೊಡ್ಡ ಸುದ್ದಿ, ಅವನು ಕಾಲಿಟ್ಟ ರಭಸಕ್ಕೆ ಚೆಲ್ಸಿಯ ಮೈಕೇಲ್ ಬಲ್ಲಾಕ್ ಕಣಕಾಲು ನೋಯಿಸಿಕೊಂಡದ್ದು. ಬಲ್ಲಾಕ್ ಜರ್ಮನಿಯ ನಾಯಕ. ಆ ಪೆಟ್ಟಿನಿಂದ ವಿಶ್ವಕಪ್ಪೇ ತಪ್ಪಿತು. ಮುಂದಿನ ತಿಂಗಳು ಬೋಟೆಂಗ್ ಘಾನಾ ಪರ ಅದೇ ಜರ್ಮನಿಯ ಎದುರು ಆಡಿದ, ಜರ್ಮನಿಯ ಕಡೆ ಅವನ ತಮ್ಮ ಜೆರೋಮ್ ಇದ್ದ. ವಿಶ್ವಕಪ್ಪಿನಲ್ಲಿ ಅಣ್ಣತಮ್ಮಂದಿರು ಎದುರಾಳಿಗಳಾದದ್ದು ಅದೇ ಮೊದಲು. ಜರ್ಮನಿಯಲ್ಲಿ ಕೋಟ್ಯಂತರ ಜನ ಶಪಿಸಿದ ಆ ಒಂದು ಕಾಲಿನ ಒಡೆಯ ಪಾಪರ್ ಕ್ಲಬ್ಬೊಂದರ ನೌಕರನಾಗಿದ್ದ ಎಂಬುದು ಯಾರಿಗೆ ನೆನಪು?

ಕ್ಲಬ್ಬು ಒಮ್ಮೆ ಎದ್ದು ಮತ್ತೆ ಬಿತ್ತು. 2012ರಲ್ಲಿ ಎರಡನೆಯ ಬಾರಿ ಆಡಳಿತಾಧಿಕಾರಿ ಬಂದರು. ಕಪ್ ಗೆದ್ದ ಐದೇ ವರ್ಷದಲ್ಲಿ, 2013ಕ್ಕೆ, ತಂಡ ನಾಲ್ಕನೆಯ ದರ್ಜೆಗೆ ಜಾರಿತ್ತು.

ಇದೇ ಕಾಲದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ರೇಂಜರ್ಸ್ ಇನ್ನೂ ದೊಡ್ಡ ಪ್ರಶ್ನೆ ಎತ್ತಿತು. 2012ರ ಜೂನಿನಲ್ಲಿ ತೆರಿಗೆ ಇಲಾಖೆ ರಾಜಿಗೆ ಒಪ್ಪದ್ದರಿಂದ ಹಳೆಯ ಕಂಪನಿ ಸಮಾಪನೆಯ ಹಾದಿ ಹಿಡಿಯಿತು. ಮೈದಾನ, ಹೆಸರು, ಲಾಂಛನ ಎಲ್ಲವನ್ನೂ ಹೊಸ ಕಂಪನಿಯೊಂದು 55 ಲಕ್ಷ ಪೌಂಡಿಗೆ ಕೊಂಡುಕೊಂಡು ನಾಲ್ಕನೆಯ ದರ್ಜೆಯಿಂದ ಆರಂಭಿಸಿತು. ಹಾಗಾದರೆ ಇದು ಹಳೆಯ ರೇಂಜರ್ಸೋ, ಹೊಸತೋ? ಎದುರು ಪಕ್ಷದ ಸೆಲ್ಟಿಕ್ ಅಭಿಮಾನಿಗಳು ಹಳೆಯದು ಸತ್ತಿತು ಎನ್ನುತ್ತಾರೆ. ರೇಂಜರ್ಸ್‌ನವರು ಕಂಪನಿ ಸತ್ತಿತು, ಕ್ಲಬ್ಬು ಸಾಯಲಿಲ್ಲ ಎನ್ನುತ್ತಾರೆ. ದೇಹ, ಆತ್ಮದ ಬಗ್ಗೆ ನಮ್ಮ ಮಠಗಳಲ್ಲಿ ನಡೆಯುವ ಚರ್ಚೆ ಅಲ್ಲಿ ಹೆಂಡದಂಗಡಿಗಳಲ್ಲಿ ನಡೆಯಿತು. 2012ರ ಆಗಸ್ಟಿನಲ್ಲಿ ನಾಲ್ಕನೆಯ ದರ್ಜೆಯ ಒಂದು ಪಂದ್ಯಕ್ಕೆ 49,118 ಮಂದಿ ಬಂದು ಕುಳಿತರು. ಅವರ ಉತ್ತರ ಅದು.

ನಮ್ಮ ದೇಶದ ಮಾತನ್ನೂ ಆಡಬೇಕು. ಇಲ್ಲಿ ಕ್ಲಬ್ಬುಗಳು ಬಹುಪಾಲು ದಿವಾಳಿಯಾಗಿ ಸಾಯುವುದಿಲ್ಲ, ಮಾಲೀಕ ಕಂಪನಿಗೆ ಬೇಡವಾಗಿ ಸಾಯುತ್ತವೆ. ಮುಂಬೈನ ಮಹೀಂದ್ರ ಯುನೈಟೆಡ್ 2010ರಲ್ಲಿ ಬಾಗಿಲು ಹಾಕಿತು. 1996-97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಪಂಜಾಬಿನ ಜೆ.ಸಿ.ಟಿ. 2011ರಲ್ಲಿ ಮುಚ್ಚಿತು. ಒಂದು ಪ್ರಕಟಣೆ, ಕಥೆ ಮುಗಿಯಿತು. ಇನ್ನು ನಮ್ಮ ಬೆಂಗಳೂರು ಎಫ್.ಸಿ. ಇಂಡಿಯನ್ ಸೂಪರ್ ಲೀಗ್ ನಡೆಯುತ್ತದೋ ಇಲ್ಲವೋ ಎಂಬ ಅನಿಶ್ಚಯದಲ್ಲಿ, 2025ರ ಆಗಸ್ಟಿನಲ್ಲಿ ಅದು ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿದಿರುವುದಾಗಿ ಪ್ರಕಟಿಸಿತು. ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ ನಿಂತು ಹತ್ತು ವರ್ಷ ಡೋಲು ಬಡಿದವರು ಆ ಸುದ್ದಿಯನ್ನು ನಮ್ಮ ನಿಮ್ಮ ಹಾಗೆ ಹೊರಗಿನವರಾಗಿಯೇ ಓದಬೇಕಾಯಿತು.

ಪೋರ್ಟ್ಸ್‌ಮತ್ ಜನ ಓದಿ ಸುಮ್ಮನಾಗಲಿಲ್ಲ. ಬೆಂಬಲಿಗರು ಒಂದು ಟ್ರಸ್ಟ್ ಕಟ್ಟಿದರು. ಒಂದು ಪಾಲಿಗೆ 1,000 ಪೌಂಡ್ ಎಂದು ಗೊತ್ತುಮಾಡಿದರು. ಒಬ್ಬರ ಕೈಲಾಗದಿದ್ದರೆ ಹಲವರು ಸೇರಿ ಒಂದು ಪಾಲು ಹಿಡಿಯಬಹುದಿತ್ತು, ನಮ್ಮಲ್ಲಿ ಚೀಟಿ ಹಾಕಿದಂತೆ. 2,000ಕ್ಕೂ ಹೆಚ್ಚು ಮಂದಿ ಹಣ ಹಾಕಿದರು, ಕೆಲವು ಸ್ಥಳೀಯ ಶ್ರೀಮಂತರೂ ಜೊತೆಗೂಡಿದರು. ಫ್ರಾಟನ್ ಪಾರ್ಕಿನ ಬೆಲೆಯ ಮೇಲೆ ಚೈನ್‌ರಾಯ್ ಅವರ ಸಂಸ್ಥೆಯೊಡನೆ ತಿಂಗಳುಗಟ್ಟಲೆ ವ್ಯಾಜ್ಯ ನಡೆದು, 2013ರ ಏಪ್ರಿಲ್ ತಿಂಗಳಲ್ಲಿ ಹೈಕೋರ್ಟಿನಲ್ಲಿ ಇತ್ಯರ್ಥವಾಗಿ, ಕ್ಲಬ್ಬು ಅಭಿಮಾನಿಗಳ ಕೈಗೆ ಬಂತು. ಮರುವರ್ಷ ಹಳೆಯ ಬಾಕಿಯೆಲ್ಲ ತೀರಿತೆಂದು ಘೋಷಿಸಿದರು. 2017ರಲ್ಲಿ ನಾಲ್ಕನೆಯ ದರ್ಜೆಯ ಚಾಂಪಿಯನ್ ಆದರು.

ಕಥೆ ಇಲ್ಲಿಗೇ ನಿಂತಿದ್ದರೆ ಹೇಳುವವನಿಗೆ ಸುಲಭವಾಗುತ್ತಿತ್ತು. ಆದರೆ ಹಳೆಯ ಮೈದಾನದ ದುರಸ್ತಿಗೆ ಭಾರಿ ಹಣ ಬೇಕಾಗಿತ್ತು, ಮೇಲಿನ ದರ್ಜೆಗೆ ಏರಲು ಇನ್ನೂ ಹೆಚ್ಚು. ಅದೇ ವರ್ಷ ಡಿಸ್ನಿ ಕಂಪನಿಯ ಮಾಜಿ ಮುಖ್ಯಸ್ಥ ಮೈಕೇಲ್ ಐಸ್ನರ್ ಅವರ ಸಂಸ್ಥೆ ಕೊಳ್ಳಲು ಮುಂದೆ ಬಂತು. ಈ ಬಾರಿ ಮಾರಾಟದ ನಿರ್ಧಾರ ಯಾವುದೋ ದೂರದ ಕಚೇರಿಯಲ್ಲಿ ಆಗಲಿಲ್ಲ. ಪಾಲುದಾರ ಅಭಿಮಾನಿಗಳು ಐಸ್ನರ್ ಅವರನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿದರು, ತಮ್ಮ ತಮ್ಮಲ್ಲೇ ಜಗಳವಾಡಿದರು, ಆಮೇಲೆ ಮತ ಹಾಕಿದರು. ಮತ ಹಾಕಿದವರಲ್ಲಿ ಶೇಕಡ 80ರಷ್ಟು ಮಂದಿ ಮಾರೋಣ ಎಂದರು. ಬೆಲೆ 56.7 ಲಕ್ಷ ಪೌಂಡ್. 2024ರಲ್ಲಿ ತಂಡ ಎರಡನೆಯ ದರ್ಜೆಗೆ ಮರಳಿತು. ಬೇಡ ಎಂದು ಮತ ಹಾಕಿದ ಉಳಿದವರೂ ಶನಿವಾರ ಶನಿವಾರ ಮೈದಾನಕ್ಕೆ ಬರುತ್ತಲೇ ಇದ್ದಾರೆ, ಗಡಿಯಾರದ ಗಂಟೆಯ ಅದೇ ಕೂಗಿಗೆ ದನಿ ಸೇರಿಸುತ್ತ.