ಎದೆನೋವನ್ನು ಗ್ಯಾಸೆನ್ನಬೇಡಿ
(ಅತ್ತಿಬೆಲೆ ಹೋಬಳಿಯ ಹಾಲಿನ ಸಂಘವೊಂದರ ಮುಂದೆ ನಿವೃತ್ತ ಉಪಾಧ್ಯಾಯರೊಬ್ಬರು ಮಾಡಿದ ಭಾಷಣ)



ಬೆಳಗಿನ ಹಾಲು ಅಳೆದಾಯಿತು, ಕ್ಯಾನುಗಳನ್ನು ಗಾಡಿಗೆ ಏರಿಸಿಯೂ ಆಯಿತು. ಮನೆಗೆ ಹೋಗುವ ಆತುರದಲ್ಲಿರುವ ತಮ್ಮನ್ನು ಅರ್ಧ ಗಂಟೆ ಹಿಡಿದು ಕೂರಿಸಿದ್ದೇನೆ, ಕ್ಷಮಿಸಬೇಕು. ಇದೇ ಕಟ್ಟಡದಲ್ಲಿ ದಿನಕ್ಕೆ ಎರಡು ಸಲ ನಿಮ್ಮ ಹಸುವಿನ ಹಾಲಿನ ಜಿಡ್ಡನ್ನು ಯಂತ್ರದಲ್ಲಿ ಪರೀಕ್ಷೆ ಮಾಡುತ್ತಾರೆ. ಒಂದು ಪಾಯಿಂಟು ಕಡಿಮೆ ಬಂದರೆ ಕಾರ್ಯದರ್ಶಿಯ ಮೇಲೆ ಜಗಳಕ್ಕೆ ನಿಲ್ಲುತ್ತೀರಿ. ನಿಲ್ಲುವುದು ನ್ಯಾಯವೇ. ಆದರೆ ಆ ಹಸುವಿಗೆ ಹುಲ್ಲು ಹಾಕುವವನ ರಕ್ತದಲ್ಲಿ ಜಿಡ್ಡೆಷ್ಟು, ಹಾಲು ಕರೆಯುವ ತಾಯಿಯ ರಕ್ತದ ಒತ್ತಡವೆಷ್ಟು ಎಂದು ಕೇಳಿದರೆ ಈ ಸಭೆಯಲ್ಲಿ ಎಷ್ಟು ಮಂದಿ ಕೈ ಎತ್ತುತ್ತೀರಿ? ನೋಡಿ, ಒಬ್ಬರ ಮುಖ ಒಬ್ಬರು ನೋಡುತ್ತಿದ್ದೀರಿ.

ನಾನು ವೈದ್ಯನಲ್ಲ, ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟವನು. ಈ ಮಾತು ಆಡಲು ನನಗೆ ಇರುವ ಅಧಿಕಾರ ಒಂದೇ: ನನ್ನ ಒಡಹುಟ್ಟಿದ ಅಣ್ಣನನ್ನು ಕಳೆದುಕೊಂಡವನು ನಾನು.

ಅಣ್ಣನಿಗೆ ಆಗ ಐವತ್ತೆರಡು ವರ್ಷ. ಟೆಂಪೋ ಓಡಿಸುತ್ತಿದ್ದ, ಬಿಡುವಾದಾಗ ಗುಲಾಬಿ ತೋಟಕ್ಕೆ ನೀರು ಬಿಡುತ್ತಿದ್ದ. ದಿನಕ್ಕೆ ಒಂದು ಕಟ್ಟು ಬೀಡಿ. ಒಂದು ದಿನ ಮಧ್ಯಾಹ್ನ ತೋಟದಿಂದ ಬಂದವನು ಜಗಲಿಯ ಮೇಲೆ ಕುಳಿತು ಎದೆ ಹಿಡಿದುಕೊಂಡ. ಅಂಗಿ ಹಿಂಡಿದರೆ ನೀರು ಸುರಿಯುವಷ್ಟು ಬೆವರು. ಅತ್ತಿಗೆ ಗಾಬರಿಯಾಗಿ ನನ್ನನ್ನು ಕರೆಸಿದರು. "ಏನೂ ಇಲ್ಲ ಕಣೋ, ರಾತ್ರಿ ಹುರುಳಿ ಸಾರು ಉಂಡಿದ್ದು ಗ್ಯಾಸಾಗಿದೆ" ಎಂದ. ನಾನೇ ಓಡಿಹೋಗಿ ಸೋಡಾ ತಂದೆ. ನಿಂಬೆಹಣ್ಣು ಹಿಂಡಿ, ಉಪ್ಪು ಹಾಕಿ ಕುಡಿಸಿದೆ. ಒಂದು ತೇಗು ಬಂತು. ಎಲ್ಲರಿಗೂ ಸಮಾಧಾನವಾಯಿತು. ಆ ತೇಗನ್ನು ನಾನು ಇಂದಿಗೂ ಮರೆತಿಲ್ಲ.

ಸಂಜೆ ಮತ್ತೆ ನೋವು ಬಂದಾಗ ರಸ್ತೆ ಬದಿಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಹೆಸರು ಬೇಡ. ಅಲ್ಲಿ ಇ.ಸಿ.ಜಿ. ಯಂತ್ರವಿರಲಿಲ್ಲ. ಗ್ಯಾಸಿಗೆಂದು ಒಂದು ಇಂಜೆಕ್ಷನ್ ಕೊಟ್ಟು ಕಳುಹಿಸಿದರು. ರಾತ್ರಿ ಎರಡು ಗಂಟೆಗೆ ಅಣ್ಣ ಹೋದ.

ಈಗ ಲೆಕ್ಕ ಹಾಕಿ ನೋಡಿ. ನಮ್ಮ ಅತ್ತಿಬೆಲೆಯಿಂದ ಹೊಸೂರು ರಸ್ತೆಯಲ್ಲೇ ಬೆಂಗಳೂರಿನ ಕಡೆ ಸುಮಾರು ಹತ್ತು ಕಿಲೋಮೀಟರು ಹೋದರೆ ಬೊಮ್ಮಸಂದ್ರ. ಅಲ್ಲಿ ನಾರಾಯಣ ಹೃದಯಾಲಯವಿದೆ. ದೂರದ ರಾಜ್ಯಗಳಿಂದ, ಹೊರದೇಶಗಳಿಂದ ಜನ ವಿಮಾನ ಹತ್ತಿ ಅಲ್ಲಿಗೆ ಬರುತ್ತಾರೆ. ಬನ್ನೇರುಘಟ್ಟ ರಸ್ತೆಯಲ್ಲಿ ಸರ್ಕಾರದ ಜಯದೇವ ಆಸ್ಪತ್ರೆಯಿದೆ. ಹೃದಯಕ್ಕೆ ಇಷ್ಟು ಸಮೀಪದಲ್ಲಿ ಇಷ್ಟು ದೊಡ್ಡ ಆಸರೆ ಇರುವ ಹಳ್ಳಿಗಳು ನಾಡಿನಲ್ಲಿ ಎಷ್ಟಿವೆ? ಆದರೂ ಅಣ್ಣ ಹನ್ನೆರಡು ಗಂಟೆ ನರಳಿ ಜಗಲಿಯ ಮೇಲೆ ಸತ್ತ. ರಸ್ತೆ ಅಡ್ಡ ಬಂದಿರಲಿಲ್ಲ, ಹಣವೂ ಅಡ್ಡ ಬಂದಿರಲಿಲ್ಲ. ಗ್ಯಾಸು ಎಂಬ ಒಂದು ಮಾತು ಅಡ್ಡ ಬಂತು.

ಹೃದಯಾಘಾತ ಎಂದರೇನೆಂದು ಸ್ವಲ್ಪ ಹೇಳುತ್ತೇನೆ. ಗುಂಡಿಗೆ ನಮ್ಮ ಮುಷ್ಟಿಯಷ್ಟು ದೊಡ್ಡದು. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಮೈಗೆಲ್ಲ ರಕ್ತ ತಳ್ಳುವ ಈ ಪಂಪಿಗೂ ರಕ್ತ ಬೇಕಷ್ಟೆ. ಅದನ್ನು ತರುವುದಕ್ಕೆ ಅದರ ಮೈಮೇಲೆಯೇ ಸಣ್ಣ ಸಣ್ಣ ರಕ್ತನಾಳಗಳಿವೆ. ನಿಮ್ಮ ತೋಟದ ಹನಿ ನೀರಾವರಿ ಪೈಪನ್ನು ನೆನೆಸಿಕೊಳ್ಳಿ. ವರ್ಷಗಟ್ಟಲೆ ಬೋರಿನ ಗಡಸು ನೀರು ಹರಿದರೆ ಒಳಗೆ ಸುಣ್ಣ ಕಟ್ಟುತ್ತದೆ. ಅದೇ ರೀತಿ ರಕ್ತನಾಳದ ಒಳಗೋಡೆಯಲ್ಲಿ ಜಿಡ್ಡು ಕಟ್ಟುತ್ತದೆ. ಬೀಡಿ ಸಿಗರೇಟಿನ ಹೊಗೆ, ಏರಿದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಇವು ಆ ಗೋಡೆಯನ್ನು ಕೆರೆದು ಹಾಳು ಮಾಡುತ್ತವೆ. ಒಂದು ದಿನ ಆ ಜಿಡ್ಡಿನ ಪದರ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಪೈಪು ಕಟ್ಟಿದ ಗಿಡ ಎರಡು ದಿನವಾದರೂ ತಾಳೀತು. ಗುಂಡಿಗೆಯ ಮಾಂಸ ತಾಳುವುದಿಲ್ಲ, ಅರ್ಧ ಗಂಟೆಯಲ್ಲಿ ಸಾಯತೊಡಗುತ್ತದೆ. ಆದಕಾರಣ ವೈದ್ಯರು ಮೊದಲ ಗಂಟೆಗೆ ಚಿನ್ನದ ಬೆಲೆ ಕಟ್ಟುತ್ತಾರೆ.

ಆ ನೋವು ಹೇಗಿರುತ್ತದೆ? ಸೂಜಿ ಚುಚ್ಚಿದಂತಲ್ಲ. ಎದೆಯ ನಡುವೆ ಕಲ್ಲು ಹೇರಿದಂತೆ, ಹಗ್ಗ ಬಿಗಿದಂತೆ. ಎಡಗೈಗೆ, ಎರಡೂ ಕೈಗೆ, ದವಡೆಗೆ, ಬೆನ್ನಿಗೆ ಹರಿಯಬಹುದು. ತಣ್ಣನೆಯ ಬೆವರು, ಉಬ್ಬಸ, ವಾಂತಿ ಬಂದಂತೆ ಆಗುವುದು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಬರೀ ಸುಸ್ತು, ಉಸಿರುಕಟ್ಟು, ಹೊಟ್ಟೆಯ ಮೇಲ್ಭಾಗದ ಸಂಕಟವಾಗಿ ಬರುವುದುಂಟು. ತಾಯಂದಿರು ಇದನ್ನು ಗಮನಿಸಬೇಕು. ಮನೆಯವರಿಗೆಲ್ಲ ಬಡಿಸಿ ಆಮೇಲೆ ಮಲಗಿಕೊಂಡರಾಯಿತು ಎಂದು ನೀವು ಕೂರುತ್ತೀರಿ.

ಇಂಥದ್ದು ಹತ್ತು ನಿಮಿಷ ನಿಲ್ಲದೆ ಇದ್ದರೆ ಸೋಡಾ ಬೇಡ, ಓಮದ ನೀರು ಬೇಡ. ರೋಗಿ ನಡೆಯುವುದು ಬೇಡ, ತಾನೇ ಬೈಕು ಓಡಿಸಿಕೊಂಡು ಹೋಗುವುದಂತೂ ಬೇಡವೇ ಬೇಡ. ಕೂರಿಸಿ, ೧೦೮ಕ್ಕೆ ಫೋನು ಮಾಡಿ. ಆ ಗಾಡಿ ನಮ್ಮ ರಾಜ್ಯಕ್ಕೆ ಬಂದದ್ದು ೨೦೦೮ರ ನವೆಂಬರಿನಲ್ಲಿ, ಕಾಸು ಕೊಡಬೇಕಾಗಿಲ್ಲ. ಆಸ್ಪತ್ರೆಯಲ್ಲಿ ಮೊದಲು ಕೇಳಬೇಕಾದ್ದು ಇ.ಸಿ.ಜಿ. ಅದು ಸರಿಯಿದೆ ಎಂದು ಬಂದ ಮೇಲೂ ನೋವು ನಿಲ್ಲದಿದ್ದರೆ ಮನೆಗೆ ಹೊರಡಬೇಡಿ; ಸ್ವಲ್ಪ ಹೊತ್ತಿನ ಮೇಲೆ ಮತ್ತೊಂದು ಇ.ಸಿ.ಜಿ., ಒಂದು ರಕ್ತ ಪರೀಕ್ಷೆ ಆಗಬೇಕು. ಕೇಳುವುದಕ್ಕೆ ನಾಚಿಕೆ ಬೇಡ.

ಪುನೀತ್ ರಾಜ್‌ಕುಮಾರ್ ೨೦೨೧ರ ಅಕ್ಟೋಬರ್ ೨೯ರಂದು ಹೃದಯಾಘಾತದಿಂದ ತೀರಿಕೊಂಡಾಗ ವಯಸ್ಸು ೪೬. ವ್ಯಾಯಾಮ ಮಾಡುತ್ತಿದ್ದ ಗಟ್ಟಿ ಮನುಷ್ಯ. ಅವರ ಹೆಸರಿನಲ್ಲೇ ಸರ್ಕಾರ ಹೃದಯ ಜ್ಯೋತಿ ಎಂಬ ಯೋಜನೆ ಮಾಡಿದೆ. ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ತೆಗೆದ ಇ.ಸಿ.ಜಿ.ಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ಕೂತಲ್ಲಿಂದಲೇ ನೋಡಿ ಹೇಳುತ್ತಾರೆ. ಹೆಪ್ಪು ಕರಗಿಸುವ ಟೆನೆಕ್ಟಪ್ಲೇಸ್ ಎಂಬ ಇಂಜೆಕ್ಷನ್ ಬೇಕಾದರೆ ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಆ ಇಂಜೆಕ್ಷನ್ ಬೇಗ ಬಿದ್ದಷ್ಟೂ ಗುಣ ಹೆಚ್ಚು. ನಮಗೆ ಹತ್ತಿರದಲ್ಲಿ ಈ ಏರ್ಪಾಡು ಯಾವ ಆಸ್ಪತ್ರೆಯಲ್ಲಿದೆ ಎಂಬುದನ್ನು ಸಂಘದವರು ಈ ವಾರವೇ ವಿಚಾರಿಸಿ ಇದೇ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಬೇಕು. ರಾತ್ರಿ ಎರಡು ಗಂಟೆಗೆ ವಿಚಾರಿಸಲು ಹೊರಟರೆ ಪ್ರಯೋಜನವಿಲ್ಲ.

೨೦೨೫ರ ಬೇಸಿಗೆಯ ಕೊನೆಯಲ್ಲಿ ಹಾಸನ ಜಿಲ್ಲೆಯಿಂದ ಒಂದರ ಮೇಲೊಂದು ಸಾವಿನ ಸುದ್ದಿ ಬಂದದ್ದು ತಮಗೆ ನೆನಪಿರಬಹುದು. ಎಳೆಯ ವಯಸ್ಸಿನವರು, ನಿಂತಲ್ಲೇ ಬಿದ್ದವರು. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಕು ಹರಿಯುವ ಮುಂಚೆಯೇ ಸಾಲು ನಿಂತರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತು. ಸಾವುಗಳು ಅಸಹಜವಾಗಿ ಏರಿಲ್ಲವೆಂದು ಸಮಿತಿ ಹೇಳಿತು. ಸತ್ತವರಲ್ಲಿ ಕಂಡದ್ದು ಹೊಸ ರೋಗವಲ್ಲ. ಸಕ್ಕರೆ, ರಕ್ತದೊತ್ತಡ, ಹೊಗೆ, ಕುಡಿತ, ಬೊಜ್ಜು, ಈ ಹಳೆಯ ಪಟ್ಟಿಯೇ. ಆಟೋ, ಕ್ಯಾಬ್ ಓಡಿಸುವವರೂ ಅವರಲ್ಲಿ ಹಲವರಿದ್ದರು. ಅದನ್ನು ಓದಿದಾಗ ನನಗೆ ನಮ್ಮ ಗಡಿ ಚೆಕ್‌ಪೋಸ್ಟಿನ ಬಳಿ ಸಾಲಾಗಿ ನಿಲ್ಲುವ ಲಾರಿಗಳು ಕಣ್ಣಿಗೆ ಬಂದವು. ಹಾಸನದ ಜನ ಆಗ ಓಡಿದ್ದು ಭಯದಿಂದ. ಭಯ ಎರಡು ತಿಂಗಳಲ್ಲಿ ಇಳಿಯುತ್ತದೆ, ರಕ್ತದೊತ್ತಡ ಇಳಿಯುವುದಿಲ್ಲ.

ಕೂಡಿ ಮಾಡಿದರೆ ಏನಾದೀತು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ೨೦೦೩ರಲ್ಲಿ ಯಶಸ್ವಿನಿ ಯೋಜನೆ ಬಂತು. ಬೊಮ್ಮಸಂದ್ರದ ಡಾ. ದೇವಿ ಶೆಟ್ಟಿಯವರೂ ಸಹಕಾರ ಇಲಾಖೆಯೂ ಸೇರಿ ರೂಪಿಸಿದ ಏರ್ಪಾಡು ಅದು. ಸಹಕಾರ ಸಂಘದ ಸದಸ್ಯನಾದ ರೈತ ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ ಅರವತ್ತು ರೂಪಾಯಿ ಕಟ್ಟಿದರೆ ಹೃದಯದ ಶಸ್ತ್ರಚಿಕಿತ್ಸೆಯೂ ಸೇರಿ ದೊಡ್ಡ ದೊಡ್ಡ ಆಪರೇಷನ್ನುಗಳು ಆಗುತ್ತಿದ್ದವು. ಮೊದಲ ವರ್ಷವೇ ಸುಮಾರು ೧೬ ಲಕ್ಷ ಮಂದಿ ಸೇರಿದರು. ಸೇರಿಸಿದವರು ಯಾರು? ಇಂಥ ಹಾಲಿನ ಸಂಘಗಳ, ಸೊಸೈಟಿಗಳ ಕಾರ್ಯದರ್ಶಿಗಳೇ. ೨೦೧೮ರಲ್ಲಿ ಅದು ನಿಂತು, ೨೦೨೩ರ ಜನವರಿಯಲ್ಲಿ ಮತ್ತೆ ಜಾರಿಗೆ ಬಂತು. ದೊಡ್ಡ ಕೆಲಸ, ಅದರಲ್ಲಿ ಸಂಶಯವಿಲ್ಲ. ಆದರೆ ನನ್ನದೊಂದು ತಕರಾರಿದೆ. ಎದೆ ಸೀಳುವುದಕ್ಕೆ ನಾವು ಒಟ್ಟಾಗಿ ಹಣ ಕೂಡಿಸಿದೆವು; ತೋಳಿಗೆ ಬಿ.ಪಿ. ಪಟ್ಟಿ ಸುತ್ತಿಸಿಕೊಳ್ಳುವುದಕ್ಕೆ ಒಟ್ಟಾಗಿ ಕೂರಲಿಲ್ಲ. ಎರಡನೆಯದಕ್ಕೆ ಖರ್ಚೂ ಇಲ್ಲ.

ಮೂವತ್ತು ದಾಟಿದ ಎಲ್ಲರೂ ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಸಕ್ಕರೆ ನೋಡಿಸಬೇಕು. ಉಪಕೇಂದ್ರದಲ್ಲಿ ಇದು ಉಚಿತ. ಮನೆ ಬಾಗಿಲಿಗೇ ಬಂದು ನೋಡುವ ಗೃಹ ಆರೋಗ್ಯ ಯೋಜನೆ ೨೦೨೪ರಲ್ಲಿ ಪಕ್ಕದ ಕೋಲಾರದಲ್ಲಿ ಶುರುವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಆಶಾ ಅಕ್ಕ ಬಾಗಿಲು ತಟ್ಟಿದಾಗ "ಗಂಡಸರು ಮನೆಯಲ್ಲಿಲ್ಲ" ಎಂದು ಕಳುಹಿಸಬೇಡಿ. ಒತ್ತಡ ೧೪೦ಕ್ಕೆ ೯೦ ದಾಟಿ ಮತ್ತೆ ಮತ್ತೆ ಬಂದರೆ ವೈದ್ಯರ ಬಳಿ ಹೋಗಿ. ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ ನುಂಗಬೇಕೆಂಬ ಹೆದರಿಕೆ ನಮ್ಮಲ್ಲಿ ಬಹಳ. ಹಸುವಿಗೆ ವರ್ಷವರ್ಷವೂ ಕಾಲುಬಾಯಿ ಜ್ವರದ ಲಸಿಕೆ ಹಾಕಿಸುತ್ತೀರಲ್ಲ, ಆಗ ಈ ಪ್ರಶ್ನೆ ಬರುವುದಿಲ್ಲ. ತಲೆನೋವಿಲ್ಲ, ಆದ್ದರಿಂದ ಬಿ.ಪಿ. ಇಲ್ಲ ಎಂದು ಮಾತ್ರೆ ಬಿಟ್ಟವರನ್ನು ನಾನು ಕಂಡಿದ್ದೇನೆ. ಅದು ಸದ್ದು ಮಾಡದೆ ಕೊರೆಯುತ್ತದೆ.

ಊಟದ ವಿಷಯ. ರಾಗಿಮುದ್ದೆ, ಸೊಪ್ಪು, ಕಾಳಿನ ಬಸ್ಸಾರು ಉಣ್ಣುವ ನಮಗೆ ಹೊರಗಿನವರ ಉಪದೇಶ ಹೆಚ್ಚು ಬೇಕಿಲ್ಲ. ಆದರೆ ಉಪ್ಪು! ಒಬ್ಬರಿಗೆ ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಟೀ ಚಮಚೆಗೆ ಮೀರಬಾರದು. ಮೇಷ್ಟರ ಲೆಕ್ಕ ಕೇಳಿ: ನಾಲ್ಕು ಜನರ ಮನೆಗೆ ಒಂದು ಕಿಲೋ ಪೊಟ್ಟಣ ಐವತ್ತು ದಿನ ಬರಬೇಕು. ಇವತ್ತು ಪೊಟ್ಟಣ ಒಡೆದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಖಾಲಿಯಾದ ದಿನ ನೋಡಿ. ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರಾ ಬೇರೆ ಲೆಕ್ಕ. ಎಣ್ಣೆ ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರು ಸಾಕು. ಕಾರ್ಖಾನೆ ಗೇಟಿನ ಬಳಿ ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿಯುವ ಬೋಂಡಾ, ಗೋಬಿಯನ್ನು ರಾತ್ರಿ ಪಾಳಿ ಮುಗಿಸಿದ ಹುಡುಗರು ಊಟವೆಂದು ತಿನ್ನುತ್ತಾರೆ. ಅವರನ್ನು ಬೈದು ಫಲವಿಲ್ಲ, ಆ ಹೊತ್ತಿಗೆ ಬೇರೇನು ಸಿಗುತ್ತದೆ? ಗೇಟಿನ ಬಳಿ ಮುದ್ದೆ, ಸೊಪ್ಪಿನ ಸಾರು ಮಾರುವ ಒಂದು ಗಾಡಿಯನ್ನು ನಮ್ಮ ಸ್ತ್ರೀಶಕ್ತಿ ಸಂಘದವರು ಇಟ್ಟರೆ ವ್ಯಾಪಾರವೂ ಆದೀತು.

ಬೀಡಿಯ ಬಗ್ಗೆ ಒಂದೇ ಮಾತು. ಬಿಟ್ಟ ಒಂದು ವರ್ಷಕ್ಕೆ ಹೃದಯಾಘಾತದ ಅಪಾಯ ಸೇದುವವನ ಅರ್ಧಕ್ಕೆ ಇಳಿಯುತ್ತದೆ. ನಲವತ್ತು ವರ್ಷ ಸೇದಿದ್ದೇನೆ, ಇನ್ನೇನು ಬಿಡುವುದು ಎನ್ನುವ ಹಿರಿಯರಿಗೆ ಇದನ್ನು ಹೇಳುತ್ತಿದ್ದೇನೆ.

ವಠಾರ ಕಟ್ಟಿ ಬಾಡಿಗೆಗೆ ಕೊಟ್ಟಿರುವ ಯಜಮಾನರು ಇಲ್ಲಿ ಹಲವರಿದ್ದೀರಿ. ನಿಮ್ಮ ಕೋಣೆಗಳಲ್ಲಿ ಒರಿಸ್ಸಾದವರು, ಬಿಹಾರದವರು ಇದ್ದಾರೆ. ರಾತ್ರಿ ಎದೆನೋವು ಬಂದರೆ ಅವರಿಗೆ ಯಾರ ಬಾಗಿಲು ಬಡಿಯಬೇಕೆಂದು ತಿಳಿಯದು, ಭಾಷೆಯೂ ಬಾರದು. ಬಾಡಿಗೆ ವಸೂಲಿಗೆ ಹೋದಾಗ ೧೦೮ ಎಂಬ ಮೂರು ಅಂಕಿಯನ್ನು ಬಾಗಿಲ ಹಿಂದೆ ಬರೆದು ಬನ್ನಿ.

ಯುವಕ ಸಂಘದವರಿಗೆ ಒಂದು ಕೆಲಸವಿದೆ. ಮನುಷ್ಯ ಕುಸಿದು ಬಿದ್ದು, ಕರೆದರೆ ಓಗೊಡದೆ, ಉಸಿರಾಡದೆ ಇದ್ದರೆ ಬಾಯಿಗೆ ನೀರು ಹಾಕಬಾರದು. ಒಬ್ಬ ೧೦೮ಕ್ಕೆ ಫೋನು ಮಾಡಲಿ, ಇನ್ನೊಬ್ಬ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು ಐದು ಸೆಂಟಿಮೀಟರು ಇಳಿಯುವಂತೆ ಒತ್ತಲಿ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ, ಗಾಡಿ ಬರುವವರೆಗೆ. ಕೈ ಸೋತರೆ ಮತ್ತೊಬ್ಬ. ಇದನ್ನು ಕೇಳಿ ಕಲಿಯಲಾಗದು, ಗೊಂಬೆಯ ಮೇಲೆ ಮಾಡಿಯೇ ಕಲಿಯಬೇಕು. ನೆರಳೂರು, ಬಿದರಗುಪ್ಪೆ, ಮಾಯಸಂದ್ರ, ಇಂಡ್ಲಬೆಲೆ ಕಡೆಯ ಹುಡುಗರೂ ಸೇರುವುದಾದರೆ ಕಲಿಸುವವರನ್ನು ಕರೆಸುವ ಹೊಣೆ ನನಗಿರಲಿ.

ಬರುವ ಭಾನುವಾರ ಬೆಳಿಗ್ಗೆ ಹಾಲು ಹಾಕಿದ ಮೇಲೆ ಉಪಕೇಂದ್ರದವರು ಯಂತ್ರ ತೆಗೆದುಕೊಂಡು ಇಲ್ಲಿಗೇ ಬರಲು ಒಪ್ಪಿದ್ದಾರೆ. ಕಾಫಿ ಕುಡಿಯದೆ, ಬೀಡಿ ಸೇದದೆ ಬನ್ನಿ. ಐದು ನಿಮಿಷ ಸುಮ್ಮನೆ ಬೆಂಚಿನ ಮೇಲೆ ಕೂರಿಸಿ ಆಮೇಲೆ ಒತ್ತಡ ನೋಡುತ್ತಾರೆ, ಅವಸರ ಮಾಡಬಾರದು. ಬಂದ ಅಂಕಿಯನ್ನು ಹಾಲಿನ ಪಾಸ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದುಕೊಡುವುದಾಗಿ ಕಾರ್ಯದರ್ಶಿಗಳು ಹೇಳಿದ್ದಾರೆ. ಗಂಡಸರು ಹೆಂಡತಿಯರನ್ನೂ ಕರೆತರಬೇಕು. ನಮ್ಮ ಅತ್ತಿಗೆ ಮೊದಲ ಚೀಟಿ ತಮಗೇ ಬೇಕೆಂದು ಈಗಲೇ ಹೇಳಿಟ್ಟಿದ್ದಾರೆ, ಎರಡನೆಯದು ಯಾರಿಗೆ ಎಂದು ನೀವು ತೀರ್ಮಾನಿಸಿಕೊಳ್ಳಿ.