ಭೂಮಿಗೆ ಬಿಡುವು, ಮಗಳಿಗೆ?

ತುಳುನಾಡಿನಲ್ಲಿ ಫೆಬ್ರವರಿ ಹೊತ್ತಿಗೆ ಕೆಡ್ಡಸ ಹಬ್ಬ ಬರುತ್ತದೆ. ಭೂಮಿತಾಯಿ ಮುಟ್ಟಾಗಿದ್ದಾಳೆಂದು ಮೂರು ದಿನ ನೆಲ ಉಳುವುದಿಲ್ಲ, ಅಗೆಯುವುದಿಲ್ಲ. ಕೊನೆಯ ದಿನ ಎಣ್ಣೆ, ಸೀಗೆ, ಅರಿಶಿನ, ಕುಂಕುಮ ಇಟ್ಟು ಅವಳ ಮೀಯುವಿಕೆಗೆ ಅಣಿಮಾಡುತ್ತಾರೆ.

ಭೂಮಿಯ ಮುಟ್ಟು ಪವಿತ್ರವಾದರೆ ಮಗಳ ಮುಟ್ಟು ಮೈಲಿಗೆ ಹೇಗಾದೀತು? ಪಂಚಸೂತಕಗಳೆಂಬ ಐದು ಮೈಲಿಗೆಗಳಲ್ಲಿ ಒಂದಾದ ರಜಸ್ಸೂತಕವನ್ನು, ಅಂದರೆ ಮುಟ್ಟಿನ ಮೈಲಿಗೆಯನ್ನು, ಶರಣಪರಂಪರೆ ಎಂದೋ ತಳ್ಳಿಹಾಕಿತು. ಮುಟ್ಟಾದವರನ್ನು ಬಲವಂತವಾಗಿ ಊರಾಚೆ ಇಡುವುದು ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯಡಿ ಅಪರಾಧ.

ಇನ್ನು ಮುಟ್ಟಿನ ನೋವು. ಆ ದಿನಗಳಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕದಿಂದ ಗರ್ಭಕೋಶದ ಸ್ನಾಯುಗಳು ಬಿಗಿದು ಹಿಂಡುತ್ತವೆ, ಕಿಬ್ಬೊಟ್ಟೆ ನೋಯುತ್ತದೆ. ಬಿಸಿನೀರಿನ ಶಾಖ, ವೈದ್ಯರು ಹೇಳಿದ ನೋವಿನ ಮಾತ್ರೆ ಆರಾಮ ಕೊಡುತ್ತವೆ. ಕೆಲವರಿಗೆ ಗರ್ಭನಿರೋಧಕ ಮಾತ್ರೆಯನ್ನೂ ವೈದ್ಯರು ಇದಕ್ಕೆಂದೇ ಬರೆದುಕೊಡುತ್ತಾರೆ. ಮಾತ್ರೆ ನೋಡಿ ಹುಡುಗಿಯ ನಡತೆ ಅಳೆಯುವುದು ಅನ್ಯಾಯ. ಶಾಲೆ, ಕೆಲಸ ತಪ್ಪಿಸುವಷ್ಟು ನೋವಿದ್ದರೆ "ಎಲ್ಲರಿಗೂ ಇದ್ದದ್ದೇ" ಎನ್ನಬೇಡಿ. ಅದು ಎಂಡೊಮೆಟ್ರಿಯೋಸಿಸ್‌ನಂಥ ಕಾಯಿಲೆಯೂ ಇರಬಹುದು, ವೈದ್ಯರಿಗೆ ತೋರಿಸಿ.

ಅಮ್ಮನಷ್ಟೇ ಅಲ್ಲ, ಅಪ್ಪನೂ ಅಣ್ಣನೂ ಇದನ್ನು ತಿಳಿದಿರಬೇಕು. "ಹೊಟ್ಟೆ ನೋಯುತ್ತಿದೆ" ಎಂದು ಮನೆಯ ಹುಡುಗಿ ಸಂಕೋಚವಿಲ್ಲದೆ ಹೇಳುವಂತಾದರೆ, ಅರ್ಧ ನೋವು ಅಲ್ಲೇ ಕಡಿಮೆಯಾಗುತ್ತದೆ.