ಕಂಪ್ಯೂಟರ್ ಓದಲು ಹೊರಟ ಮಕ್ಕಳೊಂದಿಗೆ ನಾಲ್ಕು ಮಾತು

(ಈ ವರ್ಷ ಕಂಪ್ಯೂಟರ್ ಸೈನ್ಸ್ ಇಂಜಿನಿಯರಿಂಗಿಗೆ ಪ್ರವೇಶ ಪಡೆದ ವಿದ್ಯಾರ್ಥಿಗಳಿಗಾಗಿ ಮಠದ ಪ್ರಸಾದನಿಲಯದಲ್ಲಿ ನಡೆದ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ಸಿಇಟಿ ಮುಗಿಯಿತು, ಸೀಟು ಸಿಕ್ಕಿತು, ಮನೆಯಲ್ಲಿ ಪೇಢೆ ಹಂಚಿದ್ದಾಯಿತು. ಈಗ ನಿಮ್ಮನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ನಾಲ್ಕು ವರ್ಷ ಆದ ಮೇಲೆ ಪ್ಯಾಕೇಜ್ ಎಷ್ಟು? ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಯಾರಾದರೂ ಉತ್ತರ ಗೊತ್ತು ಎಂದರೆ ನಂಬಬೇಡಿ. ನಾನು ನೀರಾವರಿ ಇಲಾಖೆಯಲ್ಲಿ ದುಡಿದು ನಿವೃತ್ತನಾದ ಸಿವಿಲ್ ಇಂಜಿನಿಯರ್. ಸಿವಿಲ್‌ನವ ಕಂಪ್ಯೂಟರಿನವರಿಗೆ ಏನು ಹೇಳಿಯಾನು ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕಂತೆ ಕೇಳಿಸಿತು. ನಗಲಿ. ಓದುವ ವಿಷಯ ಬೇರೆಯಾದರೂ ಕಾಯಕದ ನಿಯಮ ಎಲ್ಲರಿಗೂ ಒಂದೇ, ಆ ಧೈರ್ಯದಿಂದ ನಿಂತಿದ್ದೇನೆ.

ನನಗೆ ಪರಿಚಯದ ಒಬ್ಬ ಹುಡುಗ ಇದ್ದಾನೆ. ಅವನ ಹೆಸರು ಬೇಡ, ಕಾಲೇಜಿನ ಹೆಸರೂ ಬೇಡ. ಅವನ ಲ್ಯಾಬ್ ರೆಕಾರ್ಡ್ ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು, ಅಷ್ಟು ಅಂದ. ಪರೀಕ್ಷೆಯ ದಿನ ಚೀಟಿ ಎತ್ತಿದ. ಕೊಟ್ಟ ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸುವ ಪ್ರೋಗ್ರಾಂ ಬಂತು. ಬಾಯಿಪಾಠ ಇತ್ತು, ಬರೆದ, ಓಡಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು, 'ಚಲೋ ಆತಪಾ, ಈಗ ಇದನ್ನ ಇಳಿಕೆ ಕ್ರಮಕ್ಕ ಮಾಡಿ ತೋರ್ಸು' ಎಂದರು. ಬದಲಿಸಬೇಕಾದದ್ದು ಒಂದೇ ಒಂದು ಚಿಹ್ನೆ. 'ಇದಕ್ಕಿಂತ ದೊಡ್ಡದು' ಎಂದಿದ್ದಲ್ಲಿ 'ಇದಕ್ಕಿಂತ ಚಿಕ್ಕದು' ಎಂದು ಮಾಡಿದರೆ ಮುಗಿಯಿತು. ಹುಡುಗ ಹತ್ತು ನಿಮಿಷ ಪರದೆಯನ್ನೇ ನೋಡುತ್ತ ಕೂತ. ಹದಿನೈದು ಪ್ರೋಗ್ರಾಂ ಬರೆದಿದ್ದ ರೆಕಾರ್ಡಿನಲ್ಲಿ ಅವನದು ಎಂಬುದು ಒಂದೂ ಇರಲಿಲ್ಲ. ಹಿರಿಯ ವಿದ್ಯಾರ್ಥಿಗಳ ಪುಸ್ತಕದಿಂದ ಅರ್ಧ, ಮೊಬೈಲಿನಲ್ಲಿ ಕೇಳಿ ಪಡೆದದ್ದು ಅರ್ಧ. ಬುದ್ಧಿಯಿಲ್ಲದ ಹುಡುಗ ಅಲ್ಲ ಅವನು, ಪಿಯುಸಿಯಲ್ಲಿ ಗಣಿತದಲ್ಲಿ ತೊಂಬತ್ತರ ಮೇಲೆ ತೆಗೆದವನು. ಆ ದಿನದಿಂದ ತನಗೆ ಈ ವಿಷಯ ಬರುವುದಿಲ್ಲ ಎಂದೇ ನಂಬಿಬಿಟ್ಟ. ನನಗೆ ಹೊಟ್ಟೆ ಉರಿಯುವುದು ಅದಕ್ಕೆ. ಅವನು ಆ ವಿಷಯವನ್ನು ಪ್ರಯತ್ನಿಸಿಯೇ ಇರಲಿಲ್ಲ.

ಆಯ್ದಕ್ಕಿ ಮಾರಯ್ಯ-ಲಕ್ಕಮ್ಮನವರ ಪ್ರಸಂಗ ನಿಮಗೆಲ್ಲ ಗೊತ್ತು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನವರ ಕಾಯಕ. ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಅದನ್ನು ಒಳಗೆ ಇಡಿಸಿಕೊಳ್ಳಲಿಲ್ಲ, ತಂದಲ್ಲಿಯೇ ಸುರಿದು ಬನ್ನಿ ಎಂದರು. ಈ ಕಥೆಯನ್ನು ನಾವು ಲಂಚಕ್ಕೆ, ಆಸ್ತಿಗೆ ಅನ್ವಯಿಸಿ ಹೇಳುವುದುಂಟು. ಲ್ಯಾಬ್ ರೆಕಾರ್ಡಿಗೂ ಅನ್ವಯಿಸಿ ನೋಡಿ. ನಿಮ್ಮ ಪುಸ್ತಕದಲ್ಲಿ ನೀವು ಆಯದ ಅಕ್ಕಿ ಎಷ್ಟಿದೆ?

ಅಳೆಯಲು ಒಂದು ಸರಳ ಸೇರು ಕೊಡುತ್ತೇನೆ. ಪ್ರೋಗ್ರಾಂ ಓಡಿತೇ? ಮೊಬೈಲ್, ಕಂಪ್ಯೂಟರ್ ಎರಡನ್ನೂ ಮುಚ್ಚಿ. ಬಿಳಿ ಹಾಳೆಯ ಮೇಲೆ ಅದನ್ನೇ ಪೆನ್ನಿನಿಂದ ಬರೆಯಿರಿ. ಬರೆಯಲು ಬಂದರೆ ಅದು ನಿಮ್ಮದು, ಬಾರದಿದ್ದರೆ ಎರವಲು. ಎರವಲು ತಂದದ್ದು ಪಾಪವೇನಲ್ಲ, ಆದರೆ ಅದನ್ನು ನಿಮ್ಮ ಖಾತೆಗೆ ಜಮಾ ಮಾಡಬೇಡಿ.

ಚಾಟ್‌ಜಿಪಿಟಿಯಂಥ ಯಂತ್ರಗಳ ಬಗ್ಗೆ ಪಾಲಕರು ಕೇಳುತ್ತಿದ್ದಾರೆ. ಅದನ್ನು ಮುಟ್ಟಲೇಬೇಡಿ ಎನ್ನುವ ಹಟ ನನ್ನದಲ್ಲ, ಹಾಗೆ ಹೇಳಿದರೆ ಯಾರು ಕೇಳುತ್ತಾರೆ? ಮೊದಲ ಎರಡು ವರ್ಷ ಇಷ್ಟು ಪಾಲಿಸಿ. ಬರೆದುಕೊಡು ಎಂದು ಅದನ್ನು ಕೇಳಬೇಡಿ. ನೀವೇ ಬರೆದು, ಒಂದು ತಾಸು ತಿಣುಕಾಡಿ, ಆಮೇಲೂ ಓಡದಿದ್ದರೆ 'ಇದು ಯಾಕೆ ತಪ್ಪು' ಎಂದು ಕೇಳಿ. ಪಾಠ ಓದಿದ ಮೇಲೆ 'ನನಗೆ ಹತ್ತು ಪ್ರಶ್ನೆ ಹಾಕು' ಎಂದು ಕೇಳಿ. ಅದು ಧೈರ್ಯವಾಗಿ ತಪ್ಪು ಹೇಳುವುದೂ ಉಂಟು. ಆ ತಪ್ಪನ್ನು ಹಿಡಿಯಬೇಕಾದರೆ ನಿಮಗೆ ವಿಷಯ ಗೊತ್ತಿರಬೇಕು. ಮುಂದೆ ನಿಮಗೆ ಸಂಬಳ ಸಿಗುವುದು ಆ ಹಿಡಿಯುವ ಕೆಲಸಕ್ಕೇ ಇರಬಹುದು.

ನಾವು ಓದುವಾಗ ಫಾರ್ಟ್ರಾನ್ ಎಂಬ ಭಾಷೆ ಇತ್ತು. ಒಂದೊಂದು ಸಾಲಿಗೆ ಒಂದೊಂದು ರಟ್ಟಿನ ಕಾರ್ಡಿನಲ್ಲಿ ತೂತು ಹೊಡೆಸಿ, ಕಟ್ಟು ಕಟ್ಟಿ ಕೊಟ್ಟು ಬರುವುದು. ಫಲಿತಾಂಶ ಮಾರನೆಯ ದಿನ. ಒಂದು ಅಲ್ಪವಿರಾಮ ತಪ್ಪಿದರೆ ಒಂದು ದಿನ ಹೋಯಿತು. ಹಾಗಾಗಿ ಕೊಡುವ ಮೊದಲು ನಾವೇ ಕಂಪ್ಯೂಟರ್ ಆಗಿ, ಹಾಳೆಯಲ್ಲಿ ಮನೆಗಳನ್ನು ಗೀಚಿ, ಯಾವ ಸಾಲಿನಲ್ಲಿ ಯಾವ ಮನೆಯ ಬೆಲೆ ಎಷ್ಟಾಯಿತು ಎಂದು ಬರೆಯುತ್ತಿದ್ದೆವು. ಆ ಕಾಲ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ, ಬಹಳ ಪೀಡೆ ಅದು. ಆದರೆ ಆ ಹಾಳೆಯ ಅಭ್ಯಾಸವನ್ನು ಮಾತ್ರ ಇಟ್ಟುಕೊಳ್ಳಿ. ಸಿ ಭಾಷೆಯಲ್ಲಿ ಪಾಯಿಂಟರ್ ಎಂಬುದು ಬಂದಾಗ ತರಗತಿಯ ಅರ್ಧ ಜನ ಕೈಚೆಲ್ಲುತ್ತಾರೆ. ಹಾಳೆಯಲ್ಲಿ ಮನೆ ಬರೆದು, ಮನೆಗೆ ನಂಬರು ಹಾಕಿ, ಇನ್ನೊಂದು ಮನೆಯೊಳಗೆ ಆ ನಂಬರನ್ನು ಬರೆದು ನೋಡಿ. ಅಷ್ಟೇ ಅದು.

ಇಲ್ಲಿ ಕೂತಿರುವವರಲ್ಲಿ ಬಹುಪಾಲು ಮಕ್ಕಳು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಮೊದಲ ತಿಂಗಳು ತರಗತಿಯಲ್ಲಿ ಏನೂ ಕಿವಿಗೆ ಬೀಳುವುದಿಲ್ಲ. ಪಕ್ಕದವನು ಇಂಗ್ಲಿಷಿನಲ್ಲಿ ಪಟಪಟ ಮಾತಾಡಿದರೆ ಅವನಿಗೆ ಎಲ್ಲ ಗೊತ್ತು ಅನಿಸುತ್ತದೆ. ಇಂಗ್ಲಿಷ್ ಬರುವುದು ಬೇರೆ, ತರ್ಕ ಬರುವುದು ಬೇರೆ. ಲೆಕ್ಕದ ಹಂತಗಳನ್ನು ಮೊದಲು ಕನ್ನಡದಲ್ಲಿ ಬರೆಯಿರಿ, ಗೆಳೆಯನಿಗೆ ಕನ್ನಡದಲ್ಲಿ ಹೇಳಿ, ಆಮೇಲೆ ಸಿ ಭಾಷೆಗೆ ಇಳಿಸಿ. ದೇವರ ವಿಷಯವನ್ನೇ ಜನರಾಡುವ ಕನ್ನಡದಲ್ಲಿ ಚರ್ಚಿಸಿದ ಪರಂಪರೆ ನಮ್ಮದು, ಅಂಕಿ ಜೋಡಿಸುವ ವಿಷಯಕ್ಕೆ ಕನ್ನಡ ಸಾಲದೇ? ಕಂಪೈಲರ್ ಎರರ್ ಕೊಟ್ಟಾಗ ಹೆದರಿ ಪರದೆ ಅಳಿಸುವ ಮಕ್ಕಳನ್ನು ಕಂಡಿದ್ದೇನೆ. ಅದು ಬೈಗುಳವಲ್ಲ, ಎಷ್ಟನೇ ಸಾಲಿನಲ್ಲಿ ತನಗೆ ಅರ್ಥವಾಗಲಿಲ್ಲ ಎಂದು ಅದು ಹೇಳುತ್ತಿದೆ. ಮೊದಲನೆಯ ಎರರನ್ನು ಪೂರ್ತಿ ಓದಿ. ಬಹಳ ಸಲ ಅದೊಂದನ್ನು ಸರಿಪಡಿಸಿದರೆ ಕೆಳಗಿನ ಇಪ್ಪತ್ತು ಮಾಯವಾಗುತ್ತವೆ.

ಗಣಿತ ಮತ್ತು ಸಂಖ್ಯಾಪದ್ಧತಿಯನ್ನು 'ಪರೀಕ್ಷೆಗಷ್ಟೇ' ಎಂದು ದಾಟಿಸುವ ಚಾಳಿ ಇದೆ. ಅದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮೂರರಲ್ಲಿ ಒಂದು ಭಾಗವನ್ನು ದಶಮಾಂಶದಲ್ಲಿ ಬರೆಯಲು ಹೋದರೆ 0.333 ಎಂದು ಮುಗಿಯುವುದೇ ಇಲ್ಲ. ಕಂಪ್ಯೂಟರಿಗೆ ಇರುವುದು ಸೊನ್ನೆ, ಒಂದು ಎರಡೇ ಅಂಕಿ. ಆ ಲೆಕ್ಕದಲ್ಲಿ ಹತ್ತರಲ್ಲಿ ಒಂದು ಭಾಗ, ಅಂದರೆ ನಮ್ಮ 0.1, ಹಾಗೆಯೇ ಮುಗಿಯದ ಸಂಖ್ಯೆ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಆದ್ದರಿಂದ ಪೈಥಾನಿನಲ್ಲಿ 0.1ಕ್ಕೆ 0.2 ಕೂಡಿಸಿ 0.3ಕ್ಕೆ ಸಮವೇ ಎಂದು ಕೇಳಿದರೆ ಅದು 'ಅಲ್ಲ' ಎನ್ನುತ್ತದೆ. ಮಕ್ಕಳು ನಗುತ್ತಾರೆ. 1991ರ ಫೆಬ್ರುವರಿ 25ರಂದು, ಕೊಲ್ಲಿ ಯುದ್ಧದ ಹೊತ್ತಿನಲ್ಲಿ, ಸೌದಿ ಅರೇಬಿಯಾದ ದಹ್ರಾನಿನಲ್ಲಿ ಯಾರೂ ನಗಲಿಲ್ಲ. ಅಲ್ಲಿನ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆಯ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಎಣಿಸುತ್ತಿತ್ತು, ಆ 0.1 ಅನ್ನು 24 ಬಿಟ್‌ಗಳಿಗೆ ಕತ್ತರಿಸಿದ್ದರು. ಕತ್ತರಿಸಿದ ಚೂರು ಕಣ್ಣಿಗೆ ಕಾಣದಷ್ಟು ಸಣ್ಣದು. ಯಂತ್ರ ಸುಮಾರು 100 ತಾಸು ನಿಲ್ಲದೆ ಓಡಿತ್ತು. ಚೂರು ಚೂರು ಸೇರಿ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ವ್ಯತ್ಯಾಸವಾಯಿತು. ಅಷ್ಟು ಹೊತ್ತಿನಲ್ಲಿ ಎದುರಿನ ಸ್ಕಡ್ ಕ್ಷಿಪಣಿ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಹಾರುತ್ತದೆ. ಆಕಾಶದಲ್ಲಿ ಹುಡುಕಬೇಕಾದ ಜಾಗ ಬಿಟ್ಟು ಬೇರೆ ಕಡೆ ಹುಡುಕಿತು. 28 ಸೈನಿಕರು ಸತ್ತರು.

ನಮಗಿದು ಹೊಸದಲ್ಲ. ಕಾಲುವೆಯ ಇಳಿಜಾರು ಐದು ಸಾವಿರಕ್ಕೆ ಒಂದು ಎಂದರೆ ಒಂದು ಕಿಲೋಮೀಟರಿಗೆ ಇಪ್ಪತ್ತು ಸೆಂಟಿಮೀಟರ್ ಮಾತ್ರ ಇಳಿತ. ಲೆವೆಲ್ ನೋಡುವಾಗ ಪ್ರತಿ ಸಲ ಅರ್ಧ ಬೆರಳಿನಷ್ಟು ತಪ್ಪಿದರೆ ಕೊನೆಯ ಊರಿನ ರೈತನ ಹೊಲಕ್ಕೆ ನೀರು ಹತ್ತುವುದಿಲ್ಲ. ತಪ್ಪಿದವನು ಅಷ್ಟರಲ್ಲಿ ವರ್ಗವಾಗಿ ಹೋಗಿರುತ್ತಾನೆ. ನೀವು ಬರೆಯುವ ಪ್ರೋಗ್ರಾಮಿನ ಕೊನೆಯಲ್ಲಿಯೂ ಒಬ್ಬ ರೈತ ಇರುತ್ತಾನೆ, ಪಿಂಚಣಿಯ ಅಜ್ಜಿ ಇರುತ್ತಾಳೆ. ಅಂದಹಾಗೆ, ಹಣದ ಲೆಕ್ಕವನ್ನು ಎಂದೂ ಈ ದಶಮಾಂಶದ ಫ್ಲೋಟ್‌ನಲ್ಲಿ ಇಡಬೇಡಿ, ಪೈಸೆ ಮಾಡಿ ಪೂರ್ಣಾಂಕದಲ್ಲಿ ಇಡಿ. ಭಂಡಾರಿ ಬಸವಣ್ಣನವರ ಮಕ್ಕಳಿಗೆ ಇದನ್ನು ಬೇರೆಯವರು ಹೇಳಿಕೊಡುವಂತಾಗಬಾರದು.

ಈಗ ಹೆಣ್ಣುಮಕ್ಕಳ ಕಡೆ ತಿರುಗಿ ಒಂದು ಮಾತು. ಎಷ್ಟೋ ಲ್ಯಾಬ್‌ಗಳಲ್ಲಿ ಒಂದು ಯಂತ್ರಕ್ಕೆ ಇಬ್ಬರು. ಕಂಡದ್ದನ್ನು ಹೇಳುತ್ತೇನೆ: ಹುಡುಗ ಕೀಬೋರ್ಡ್ ಹಿಡಿಯುತ್ತಾನೆ, ಹುಡುಗಿ ಅಕ್ಷರ ಚಂದ ಎಂದು ರೆಕಾರ್ಡ್ ಬರೆಯುತ್ತಾಳೆ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಅವನಿಗೆ ಕೈ ಕುದುರಿರುತ್ತದೆ, ಅವಳಿಗೆ ಅಕ್ಷರ ಇನ್ನೂ ದುಂಡಗಾಗಿರುತ್ತದೆ. ತಂಗಿಯರೇ, ಕೀಬೋರ್ಡ್ ಬಿಟ್ಟುಕೊಡಬೇಡಿ. ಗಡಿಯಾರ ನೋಡಿ ಅರ್ಧ ತಾಸಿಗೊಮ್ಮೆ ಬದಲಿಸಿಕೊಳ್ಳಿ. ಅಮೆರಿಕದ ಎನಿಯಾಕ್ ಎಂಬ ಹಳೆಯ ಕಂಪ್ಯೂಟರಿಗೆ ಮೊದಲು ಪ್ರೋಗ್ರಾಂ ಮಾಡಿದವರು ಆರು ಜನ ಹೆಣ್ಣುಮಕ್ಕಳು. 1952ರಲ್ಲಿ ಕಂಪೈಲರ್ ಎಂಬ ಕಲ್ಪನೆಯನ್ನು ಮಾಡಿ ತೋರಿಸಿದವರು ಗ್ರೇಸ್ ಹಾಪರ್ ಎಂಬ ಹೆಣ್ಣುಮಗಳು. ಅನುಭವ ಮಂಟಪದಲ್ಲಿ ಅಕ್ಕಮಹಾದೇವಿ, ಮುಕ್ತಾಯಕ್ಕ ಬೇರೆಯವರ ಮಾತನ್ನು ಬರೆದುಕೊಳ್ಳಲು ಕೂತಿರಲಿಲ್ಲ. ಮಗಳನ್ನು ಕತ್ತಲಾಗುವ ಮೊದಲು ಮನೆಗೆ ಬಾ ಎನ್ನುವ ಪಾಲಕರು, ಅವಳಿಗೆ ಮನೆಯಲ್ಲಿ ಎರಡು ತಾಸು ಕೆಲಸ ಹೇಳದೆ ಕೂರಲು ಬಿಡಿ. ಅಷ್ಟಾದರೂ ಮಾಡಿ.

ಇನ್ನೊಂದು, ಸ್ವಲ್ಪ ಕಹಿ. ಹಾಸ್ಟೆಲ್ ಸೇರಿದ ಮೊದಲ ವಾರ ಹಿರಿಯ ಹುಡುಗರು ಅಡ್ಡಹೆಸರು ಕೇಳುತ್ತಾರೆ, ಆಮೇಲೆ 'ನಿಮ್ಮದು ಯಾವ ಒಳಪಂಗಡ' ಎನ್ನುತ್ತಾರೆ. ಉತ್ತರ ಹೇಳಿದರೆ ಒಂದು ವಾಟ್ಸ್ಆ್ಯಪ್ ಗುಂಪು ಕಾದಿರುತ್ತದೆ, ಅಲ್ಲಿ ನೋಟ್ಸ್ ಸಿಗುತ್ತದೆ, ಪ್ರಾಜೆಕ್ಟಿಗೆ ಜೊತೆಗಾರರೂ ಸಿಗುತ್ತಾರೆ. ಸೌಲಭ್ಯ ನಿಜ. ಆದರೆ ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ಮೇದಾರ ಕೇತಯ್ಯ ಒಂದೇ ಪಂಕ್ತಿಯಲ್ಲಿ ಕೂತ ಧರ್ಮದಲ್ಲಿ ಹುಟ್ಟಿ, ಡೇಟಾ ಸ್ಟ್ರಕ್ಚರ್ ನೋಟ್ಸಿಗಾಗಿ ಒಳಪಂಗಡ ಹುಡುಕುವುದೇ? ಆ ಪ್ರಶ್ನೆ ಬಂದರೆ 'ಲಿಂಗಾಯತ' ಎಂದು ಹೇಳಿ ಸುಮ್ಮನಾಗಿ. ನೋಟ್ಸನ್ನು ನೀವೇ ಮಾಡಿ, ಕೇಳಿದವರಿಗೆಲ್ಲ ಕೊಡಿ, ಧರ್ಮ-ಜಾತಿ ಕೇಳದೆ ಕೊಡಿ. ದಾಸೋಹ ಅನ್ನದ್ದಷ್ಟೇ ಅಲ್ಲ.

ಒಂದು ವಿಷಯದಲ್ಲಿ ನಪಾಸಾದರೆ ಮನೆಗೆ ಹೇಳದೆ ಮುಚ್ಚಿಡಬೇಡಿ. ಮುಚ್ಚಿಟ್ಟು ಒಳಗೇ ಕೊರಗುವ ಮಕ್ಕಳ ಬಗ್ಗೆ ನನಗೆ ಭಯ. ಪ್ರಸಾದನಿಲಯದ ಮೇಲ್ವಿಚಾರಕರಿಗೆ ಹೇಳಿ, ನನಗೆ ಹೇಳಿ, ಅಪ್ಪಗಳಿಗೆ ಹೇಳಿ. ಇಲ್ಲಿ ಯಾರೂ ಊಟದ ತಟ್ಟೆ ಕಸಿಯುವುದಿಲ್ಲ.

ಕೊನೆಗೆ ಒಂದು ಕೆಲಸ ಕೊಡುತ್ತೇನೆ. ವಿಜಯಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಮನೆಮನೆಗೆ, ಮಠಮಠಕ್ಕೆ ಅಲೆದು ತಾಳೆಗರಿ ಕೂಡಿಸಿ, 1923ರಲ್ಲಿ 'ವಚನ ಶಾಸ್ತ್ರ ಸಾರ' ಅಚ್ಚು ಮಾಡಿಸಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ತೆಗೆದರು, ಮುದ್ರಣಾಲಯಕ್ಕಾಗಿ ಮನೆ ಮಾರಿದರು. ಅವರಿಗೆ ಗೆದ್ದಲು ಶತ್ರು. ನಮ್ಮ ಕಾಲದ ಗೆದ್ದಲು ಬೇರೆ. ಈ ಮಠದಲ್ಲಿ ಹಿಂದೆ ಟೈಪ್ ಮಾಡಿಸಿದ ಪುಸ್ತಕಗಳ, ಪತ್ರಿಕೆಗಳ ಕಡತಗಳಿವೆ. ಅವನ್ನು ಇಂದು ತೆರೆದರೆ ಇಂಗ್ಲಿಷ್ ಅಕ್ಷರಗಳ ಕಸ ಕಾಣುತ್ತದೆ. ಆಗಿನ ತಂತ್ರಾಂಶಗಳಲ್ಲಿ ಕನ್ನಡ ಅಕ್ಷರದ ತುಂಡುಗಳ ಚಿತ್ರವನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಆ ಫಾಂಟ್ ಇಲ್ಲದಿದ್ದರೆ ಓದಲಾಗದು, ಹುಡುಕಲೂ ಆಗದು. ಯುನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೆ ತನ್ನದೇ ಸಂಖ್ಯೆ ಇದೆ. ಹಳೆಯದನ್ನು ಹೊಸದಕ್ಕೆ ತಿರುಗಿಸುವುದು ಬರೀ ಪಟ್ಟಿ ಹೊಂದಿಸುವ ಕೆಲಸವಲ್ಲ. 'ಧರ್ಮ' ಎಂಬ ಪದ ನೋಡಿ. ಹಳೆಯ ಕಡತದಲ್ಲಿ ಅರ್ಕಾವೊತ್ತು 'ಮ'ದ ನಂತರ ಕೂತಿದೆ, ಯುನಿಕೋಡ್‌ನಲ್ಲಿ ಆ 'ರ' 'ಮ'ಕ್ಕಿಂತ ಮೊದಲು ಬರಬೇಕು. ಅದನ್ನು ಹಿಂದಕ್ಕೆ ಎತ್ತಿಡುವ ಪ್ರೋಗ್ರಾಂ ಬೇಕು. ತಿರುಗಿಸುವ ತಂತ್ರಾಂಶಗಳು ಈಗಾಗಲೇ ಇವೆ, ನೀವೇ ಒಂದನ್ನು ಬರೆದು ಅವುಗಳೊಂದಿಗೆ ಹೋಲಿಸಿ ನೋಡಿ.

ಅದಕ್ಕೂ ಮೊದಲು ಸಣ್ಣದೊಂದು. 'ಬಸವಣ್ಣ' ಎಂಬ ಹೆಸರಿನಲ್ಲಿ ಎಷ್ಟು ಅಕ್ಷರ ಎಂದು ಒಂದನೇ ತರಗತಿಯ ಮಗುವನ್ನು ಕೇಳಿ, ನಾಲ್ಕು ಎನ್ನುತ್ತದೆ. ಕಂಪ್ಯೂಟರನ್ನು ಕೇಳಿ, ಆರು ಎನ್ನುತ್ತದೆ. ಒತ್ತಕ್ಷರವನ್ನು ಅದು 'ಣ', ವಿರಾಮದ ಗುರುತು, ಮತ್ತೊಂದು 'ಣ' ಎಂದು ಮೂರಾಗಿ ಎಣಿಸುತ್ತದೆ. ಮಗುವಿನಂತೆ ಎಣಿಸುವ ಪ್ರೋಗ್ರಾಂ ಬರೆಯಿರಿ. 'ಶರಣ್' ಎಂದು ಅರ್ಧಾಕ್ಷರದಲ್ಲಿ ನಿಲ್ಲುವ ಹೆಸರು ಬಂದರೆ ಎಷ್ಟು ಹೇಳಬೇಕು ಎಂಬುದನ್ನು ನೀವೇ ತೀರ್ಮಾನಿಸಿ, ಯಾಕೆ ಎಂದು ಬರೆದು ತನ್ನಿ. ಯಂತ್ರವನ್ನು ಕೇಳಿ ತಂದರೆ ನನಗೆ ಗೊತ್ತಾಗುತ್ತದೆ, ಬಿಳಿ ಹಾಳೆ ಕೊಡುತ್ತೇನಲ್ಲ.

ಮಠದ ಗ್ರಂಥಾಲಯದ ಎರಡು ಕಂಪ್ಯೂಟರ್ ಬಳಸಲು ಅಪ್ಪಗಳು ಒಪ್ಪಿದ್ದಾರೆ. ಬರುವ ಭಾನುವಾರ ಪ್ರಸಾದವಾದ ಮೇಲೆ ಎರಡು ಗಂಟೆಗೆ ಅಲ್ಲಿ ಇರುತ್ತೇನೆ. ಚೌಕಳಿ ಗೆರೆಯ ನೋಟ್‌ಬುಕ್, ಪೆನ್ಸಿಲ್ ತನ್ನಿ.